ಷಡ್ಡಕನ ಚಾರ್ಜಿಂಗ್ ಪಾಯಿಂಟು

ಹೆಂಡತಿಯ ತಂಗಿಯ ಗಂಡ ಕಾರು ತೆಗೆದುಕೊಳ್ಳಲಿ, ಸಹಿಸಬಹುದು. ಸೈಟು ತೆಗೆದುಕೊಳ್ಳಲಿ, ತಲೆಯಲ್ಲಿ ಪೂರ್ತಿ ಕೂದಲಿರಲಿ, ಅದನ್ನೂ ಹಲ್ಲು ಕಚ್ಚಿಕೊಂಡು ಸಹಿಸಬಹುದು. ಆದರೆ ಅವನೂ ನನ್ನ ಹಾಗೆ ಹಾಸ್ಯ ಕಥೆ ಬರೆಯತೊಡಗಿ, ಅದು ವಾರ ಬಿಟ್ಟು ವಾರ ಅಚ್ಚಾಗಿ, ಆ ಪತ್ರಿಕೆಯನ್ನು ನನ್ನ ಹೆಂಡತಿ ನನ್ನ ದುಡ್ಡಿನಲ್ಲೇ ಕೊಂಡು ತಂದು, ನನ್ನ ಎದುರಿಗೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರೆ? ನೀವೇ ಹೇಳಿ, ಮನುಷ್ಯ ಎಷ್ಟು ಅಂತ ಸಹಿಸಬೇಕು?

ನಾನು ಚಲಪತಿ. ನೆಲಮಂಗಲದ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತ. ಮಿಕ್ಕ ಹೊತ್ತಿನಲ್ಲಿ ಹಾಸ್ಯ ಸಾಹಿತಿ. ನನ್ನ ಷಡ್ಡಕ ಭಾನುಪ್ರಕಾಶ ಪೆನ್ನು ಹಿಡಿಯುವ ಎಷ್ಟೋ ಮೊದಲೇ ನನ್ನ ಹೆಸರು ಅಚ್ಚಾಗಿತ್ತು. ಆದರೆ ಯುಗಾದಿಯಿಂದೀಚೆಗೆ ನನ್ನ ತಲೆ ಬತ್ತಿಹೋಗಿದೆ. ಹಾಳೆಯ ಮೇಲೆ 'ಶ್ರೀ' ಬರೆಯುತ್ತೇನೆ, ಅದರ ಕೆಳಗೊಂದು ಗೆರೆ ಎಳೆಯುತ್ತೇನೆ, ಆಮೇಲೆ ಊಟಕ್ಕೆ ಕರೆಯುತ್ತಾರೇನೋ ಎಂದು ಕಾಯುತ್ತೇನೆ. ಇಂಥ ಹೊತ್ತಿನಲ್ಲಿ ಸಂಪಾದಕ ವೆಂಕಟರಾಯಪ್ಪನವರ ಫೋನು ಬಂತು.

"ದೀಪಾವಳಿ ವಿಶೇಷಾಂಕಕ್ಕೆ ಒಂದೇ ಒಂದು ಹಾಸ್ಯ ಕಥೆಗೆ ಜಾಗ ಇದೆ ಸಾರ್. ಪ್ರತಿ ವರ್ಷ ನಿಮ್ಮದೇ ಅಲ್ವಾ? ಸೋಮವಾರದೊಳಗೆ ಕಳಿಸ್ಬಿಡಿ. ಆಗಲ್ಲ ಅಂದ್ರೆ ಸಂಕೋಚ ಬೇಡ, ಭಾನುಪ್ರಕಾಶ್ ಅವರನ್ನ ಕೇಳ್ತೀನಿ."

ಸಂಕೋಚ ಬೇಡವಂತೆ! ಆ ವಿಶೇಷಾಂಕ ಅತ್ತೆಯ ಮನೆಗೆ ಹೋಗುತ್ತದೆ, ನಾದಿನಿಯ ಮನೆಗೆ ಹೋಗುತ್ತದೆ, ಅದರಲ್ಲಿ ನನ್ನ ಜಾಗದಲ್ಲಿ ಅವನ ಹೆಸರಿದ್ದರೆ ನಾನು ಹಬ್ಬಕ್ಕೆ ಯಾವ ಮುಖ ಇಟ್ಟುಕೊಂಡು ಹೋಗಲಿ? ಫೋನಿಟ್ಟು ತಿರುಗಿದರೆ ನನ್ನ ಹೆಂಡತಿ ರೂಪ ಮತ್ತೆ ಅವನ ಕಥೆಯನ್ನೇ ಓದುತ್ತಿದ್ದಳು. ಕಣ್ಣಲ್ಲಿ ನೀರು, ಸೆರಗು ಬಾಯಲ್ಲಿ.

"ಏನಂಥ ನಗು?" ಎಂದೆ.

"ಒಬ್ಬ ಅಳಿಯ ಅತ್ತೆ ಮನೆಗೆ ಬಂದಿರ್ತಾನೆ ಕಣ್ರೀ. ಸ್ನಾನ ಮಾಡಿ ಈಚೆ ಬರೋಣ ಅಂದ್ರೆ ಬಚ್ಚಲ ಬಾಗಿಲಲ್ಲಿ ಹುಂಜ! ಹೆದರ್ಕೊಂಡು ಒಳಗಿಂದ ಚಿಲಕ ಹಾಕ್ಕೊಂಡ್ಬಿಡ್ತಾನೆ. ಅತ್ತೆ ರಾಗಿ ಎರಚಿ ಹುಂಜನ್ನ ಆಚೆ ಕರ್ಕೊಂಡು ಹೋಗೋವರ್ಗೂ..." ಮುಂದೆ ಹೇಳಲಾಗದೆ ನನ್ನ ಮುಖ ನೋಡಿ ಇನ್ನಷ್ಟು ನಕ್ಕಳು.

"ಇಂಥ ಮನುಷ್ಯ ಭೂಮಿ ಮೇಲೆ ಇರೋಕೆ ಸಾಧ್ಯನಾ?" ಎಂದೆ. "ಹಾಸ್ಯ ಅಂದ್ರೆ ನಂಬೋ ಹಾಗಿರ್ಬೇಕು ಕಣೇ."

"ನಿಜವಾಗ್ಲೂ ನಿಮ್ಗೆ ಏನೂ ನೆನಪಾಗಲ್ವಾ?"

ಹೊಟ್ಟೆಕಿಚ್ಚಿನಲ್ಲಿದ್ದವನಿಗೆ ಏನು ನೆನಪಾಗುತ್ತದೆ? ನಾನು ಮೊಬೈಲು ತೆಗೆದು, ದಣಿದ ಲೇಖಕರು ಚೇತರಿಸಿಕೊಳ್ಳುವ ಉಪಾಯಗಳನ್ನು ಹುಡುಕಿದೆ. ಮೊದಲನೆಯದು, ಮೊಬೈಲು ದೂರ ಇಡಿ. (ಇಟ್ಟೆ. ಉಳಿದ ಉಪಾಯಗಳು ಅದರೊಳಗೇ ಉಳಿದವು. ಮತ್ತೆ ತೆಗೆದೆ.) ಬೆಳಿಗ್ಗೆ ಗೊತ್ತುಗುರಿಯಿಲ್ಲದೆ ನಡೆಯಿರಿ ಎಂದಿತ್ತು. ಹೊರಟೆ, ಆದರೆ ನಮ್ಮ ಮನೆಯಲ್ಲಿ ಗೊತ್ತುಗುರಿಯಿಲ್ಲದೆ ಯಾರನ್ನೂ ಆಚೆ ಬಿಡುವುದಿಲ್ಲ, ಕೈಗೆ ಚೀಲ ಬಂತು. ಕೈಕೆಲಸ ಮಾಡಿ, ಮನಸ್ಸು ಅರಳುತ್ತದೆ ಎಂದಿತ್ತು. ಅದನ್ನು ರೂಪಳಿಗೆ ಓದಿ ಹೇಳಿದ್ದೇ ತಪ್ಪಾಯಿತು. ಬೆಳ್ಳುಳ್ಳಿ ಸುಲಿದೆ, ಫ್ಯಾನು ಒರೆಸಿದೆ, ಮನಸ್ಸು ಮೊದಲಿಗಿಂತ ಮುದುಡಿತು.

"ಭಾನುಗೂ ಹೀಗೇ ಆಗ್ತಿತ್ತಂತೆ," ಎಂದಳು ರೂಪ. "ತಲೆ ಓಡದೇ ಇದ್ರೆ ಸೀದಾ ತೂಬಗೆರೆಗೆ ನಮ್ಮಮ್ಮನ ಮನೆಗೆ ಹೋಗ್ತಾರಂತೆ. ಫುಲ್ ಚಾರ್ಜ್ ಆಗಿ ಬರ್ತಾರೆ ಅಂತಾಳೆ ಚೈತ್ರ. ನೋಡಿ ಬೇಕಾದ್ರೆ."

ತಂಗಿ ಚೈತ್ರ ಕಳಿಸಿದ್ದ ಫೋಟೋ ತೋರಿಸಿದಳು. ಅತ್ತೆಯ ಮನೆಯ ಹಿತ್ತಲ ಚಪ್ಪರ. ಅಲ್ಲಿ ರೇಷ್ಮೆ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಸಾಲಾಗಿ ಓರೆಯಾಗಿ ನಿಲ್ಲಿಸಿದ್ದಾರೆ. ಅವುಗಳಲ್ಲೊಂದಕ್ಕೆ ಒರಗಿಕೊಂಡು, ಕಾಲು ಚಾಚಿ, ಕಣ್ಣು ಮುಚ್ಚಿ ಕುಳಿತಿದ್ದಾನೆ ಮಹಾನುಭಾವ. ಆಹಾ! ನಾನು ಹಿರಿಯಳಿಯ. ಆ ಮನೆಯ ಸ್ಫೂರ್ತಿಯ ಮೇಲೆ ಮೊದಲ ಹಕ್ಕು ನನ್ನದು. ಭಾನುವಾರ ಬೆಳಿಗ್ಗೆಯೇ ರೂಪಳನ್ನು ಹೊರಡಿಸಿಕೊಂಡು ತೂಬಗೆರೆಯ ಬಸ್ಸು ಹತ್ತಿದೆ.

ಅತ್ತೆ ಮುನಿತಾಯಮ್ಮ ನನ್ನ ಎದುರು ಹೆಚ್ಚು ಮಾತಾಡುವುದಿಲ್ಲ. ಹಿರಿಯಳಿಯ ಅಂದರೆ ಬಾಗಿಲ ಹಿಂದೆ ನಿಂತು ತಲೆಯ ಮೇಲೆ ಸೆರಗೆಳೆದುಕೊಳ್ಳುವಷ್ಟು ಮರ್ಯಾದೆ. (ಭಾನುಪ್ರಕಾಶನ ಜೊತೆ ಮಾತ್ರ ಗಂಟೆಗಟ್ಟಲೆ ಹರಟೆಯಂತೆ. ಅದೂ ನನ್ನ ಹೊಟ್ಟೆಯಲ್ಲಿತ್ತು.) ಅವತ್ತು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳಗಳನ್ನು ಚಂದ್ರಿಕೆಗೆ ಬಿಡುವ ದಿನ, ಹುಳದ ಮನೆಯಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಸೇರಿದ್ದರು. ನನಗೋ ಹುಳ ಕಂಡರೆ ಮೈ ಜುಮ್ಮೆನ್ನುತ್ತದೆ, ಇಷ್ಟು ವರ್ಷದಲ್ಲಿ ಆ ಕಡೆ ತಲೆ ಹಾಕಿದವನಲ್ಲ. ಊಟ ಮುಗಿಸಿ, ಹಾಳೆ ಪೆನ್ನು ಹಿಡಿದು ನೇರ ಹಿತ್ತಲಿಗೆ ಹೋಗಿ, ಫೋಟೋದಲ್ಲಿದ್ದ ಜಾಗವನ್ನೇ ಹುಡುಕಿ, ಒಂದು ಚಂದ್ರಿಕೆಯ ಬೆನ್ನಿಗೆ ತಲೆ ಕೊಟ್ಟು ಕುಳಿತೆ.

"ಅಲ್ಲಿ ಬ್ಯಾಡಿ ಅಳಿಯಂದ್ರೇ, ಈಚೆ ಬನ್ನಿ," ಬಾಗಿಲ ಹಿಂದಿನಿಂದ ಅತ್ತೆಯ ದನಿ.

"ಯಾಕತ್ತೆ? ಭಾನುಪ್ರಕಾಶ್ ಇಲ್ಲೇ ಕೂತಿದ್ರಲ್ಲ?"

"ಅವ್ರು ಕೂತಾಗ ಅದು ಬರೀದಿತ್ತು. ಈಗ ಅದ್ರಲ್ಲಿ... ಅದು ಮೈಮೇಲೆ... ಬ್ಯಾಡಿ ಬುಡಿ."

ನೋಡಿದಿರಾ? ಕಿರಿಯಳಿಯ ಕೂತರೆ ಸರಿ, ಹಿರಿಯವನಿಗೆ ಆ ಜಾಗ ಬೇಡ! ನನಗೆ ಮೈಯೆಲ್ಲ ಉರಿಯಿತು. "ನಾನಿಲ್ಲೇ ಕೂರ್ತೀನಿ," ಎಂದು ಇನ್ನಷ್ಟು ಭದ್ರವಾಗಿ ಒರಗಿದೆ. ತಂಪು ಗಾಳಿ, ಹೊಟ್ಟೆಯಲ್ಲಿ ಮುದ್ದೆ, ಬೆನ್ನ ಹಿಂದೆ ಎಂಥದೋ ಸರಸರ ಸದ್ದು. ಚಾರ್ಜ್ ಆಗುವುದೆಂದರೆ ಇದೇ ಇರಬೇಕು ಎಂದುಕೊಂಡೆ, ಕಣ್ಣು ಮುಚ್ಚಿದೆ.

"ಅಲ್ಲಾಡ್ಬ್ಯಾಡಿ!"

ಬೆಚ್ಚಿ ಕಣ್ಣು ಬಿಟ್ಟರೆ ಬಿಸಿಲು ಇಳಿದಿತ್ತು. ಸುತ್ತಲೂ ಹೆಂಗಸರ ಗುಂಪು, ನಡುವೆ ಮೊಬೈಲು ಹಿಡಿದು ಫೋಟೋ ತೆಗೆಯುತ್ತಿದ್ದ ನನ್ನ ಧರ್ಮಪತ್ನಿ. ಅತ್ತೆ ಮರ್ಯಾದೆ ಮರೆತು ನನ್ನ ಕಿವಿಗೇ ಕೈ ಹಾಕಿದ್ದರು. ಚಂದ್ರಿಕೆಯಿಂದ ದಾರಿತಪ್ಪಿದ ಹುಳವೊಂದು ನನ್ನ ಕಿವಿಗೂ ಕನ್ನಡಕದ ಕಡ್ಡಿಗೂ ಎಳೆ ಕಟ್ಟಿ ಗೂಡು ಶುರು ಮಾಡಿತ್ತು. ಇನ್ನೊಂದು ಜೇಬಿನಲ್ಲಿ, ಪೆನ್ನಿನ ಪಕ್ಕ. ಬಿಳಿ ಅಂಗಿಯ ಹೆಗಲೆಲ್ಲ ಒದ್ದೆ.

"ಎಳೆ ಕಿತ್ತೋಯ್ತದೆ, ಅಲ್ಲಾಡ್ಬ್ಯಾಡಿ," ಎಂದರು ಅತ್ತೆ. "ಅಯ್ಯೋ ಪಾಪ, ಎಲ್ಲೂ ಜಾಗ ಸಿಗ್ದಂಗೆ ಇಲ್ಲಿಗ್ ಬಂದೈತೆ." ಪಾಪ ಅಂದದ್ದು ಹುಳಕ್ಕೆ.

"ಅಂಗಿ ಯಾಕೆ ಒದ್ದೆ?" ಎಂದೆ ತುಟಿ ಮಾತ್ರ ಅಲ್ಲಾಡಿಸಿ.

"ಗೂಡು ಕಟ್ಟೋಕೆ ಮುಂಚೆ ಉಚ್ಚೆ ಹೊಯ್ಯುತ್ವೆ ಕಣ್ರೀ," ಎಂದಳು ರೂಪ. "ಹಿರಿಯಳಿಯನ ಮುಂದೆ ಅಮ್ಮ ಆ ಮಾತು ಹೆಂಗ್ ಹೇಳ್ತಾಳೆ? ಅದಕ್ಕೇ ಬೇಡ ಬೇಡ ಅಂದಿದ್ದು."

ನಿಜ ಹೇಳುತ್ತೇನೆ, ನನಗೆ ಆ ಹುಳದ ಮೇಲೂ ಹೊಟ್ಟೆಕಿಚ್ಚಾಯಿತು. ಯುಗಾದಿಯಿಂದ ನನ್ನ ತಲೆಯಲ್ಲಿ ಏನೂ ಹುಟ್ಟದ ಜಾಗದಲ್ಲಿ ಅದು ಬಂದ ಮಧ್ಯಾಹ್ನವೇ ಕೆಲಸ ಶುರು ಮಾಡಿತ್ತು.

ಅಂಗಿ ಬದಲಾಯಿಸಿ ಬಂದು ಅತ್ತೆಯನ್ನು ನೇರವಾಗಿ ಕೇಳಿದೆ: "ಭಾನುಪ್ರಕಾಶ್ ಇಲ್ಲಿಗ್ ಬಂದು ಮಾಡೋದಾದ್ರೂ ಏನು?"

"ಏನ್ ಮಾಡ್ತಾರೆ? ನಂಜೊತೆ ಸೊಪ್ಪು ಬಿಡಿಸ್ತಾ ಕೂತ್ಕಂತಾರೆ. ನಿಮ್ಮ ವಿಷ್ಯಾನೇ ಕೇಳ್ತಾರೆ. ನಾನೂ ಯೋಳ್ತೀನಿ. ಆವತ್ತು ಹುಂಜ ಬಂದಿದ್ದಕ್ಕೆ ನೀವು ಬಚ್ಚಲಲ್ಲಿ ಕೂತಿದ್ರಲ್ಲ, ಅದ್ನ ಎಷ್ಟ್ ಸಲ ಯೋಳಿಸ್ಕಂಡ್ರು ಅಂತೀರಾ! ಕಂಡಾಪಟ್ಟೆ ಪ್ರೀತಿ ನಿಮ್ಮೇಲೆ."

(ಒಂದು ವಿವರಣೆ: ನಾನು ಹುಂಜಕ್ಕೆ ಹೆದರಿರಲಿಲ್ಲ. ಅದು ತಾನಾಗಿ ಹೋಗಲಿ ಎಂದು ಕಾಯುತ್ತಿದ್ದೆ.)

ಅಂದರೆ ಇಷ್ಟು ದಿನ ನಾನು ಹಲ್ಲು ಕಚ್ಚಿಕೊಂಡು ಓದಿದ ಕಥೆಗಳಲ್ಲಿದ್ದ ಆ ಪೆದ್ದ ಅಳಿಯ ನಾನೇ! ಅವನ ಚಾರ್ಜಿಂಗ್ ಪಾಯಿಂಟು ಚಂದ್ರಿಕೆಯಲ್ಲ, ನಾನು! ಸಿಟ್ಟು ನೆತ್ತಿಗೇರಿತು, ಅದರ ಜೊತೆಗೇ ತಲೆಯೂ ಓಡತೊಡಗಿತು. ನನ್ನ ಪೆದ್ದುತನವನ್ನು ಇನ್ನೊಬ್ಬ ಯಾಕೆ ಬರೆಯಬೇಕು? ಅದು ನನ್ನ ಸ್ವಂತದ್ದು. ಮನೆಗೆ ಬಂದವನೇ ಕುಳಿತು, ಹುಳದ ಕಥೆಯನ್ನು ಒಂದೇ ಉಸಿರಿಗೆ ಬರೆದು ಮುಗಿಸಿದೆ. ಸೋಮವಾರ ಬೆಳಿಗ್ಗೆ ಕಳಿಸಿ, ಎಷ್ಟೋ ದಿನದ ಮೇಲೆ ಶಿಳ್ಳೆ ಹಾಕುತ್ತಾ ಕೆಲಸಕ್ಕೆ ಹೋದೆ.

ಸಂಜೆ ವೆಂಕಟರಾಯಪ್ಪನವರ ಫೋನು ಬಂತು.

"ಕಥೆ ಸಿಕ್ತು ಸಾರ್. ಆದ್ರೆ ನಿನ್ನೆ ರಾತ್ರಿನೇ ಭಾನುಪ್ರಕಾಶ್ ತಾವಾಗೇ ಒಂದು ಕಳಿಸಿದ್ರು. ಅದೇ ಚಂದ್ರಿಕೆ, ಅದೇ ಹುಳ, ಅದೇ ಅಳಿಯ. ಎರಡೂ ಹಾಕೋ ಹಾಗಿಲ್ಲ, ಅವರದೇ ತಗೊಂಡಿದ್ದೀನಿ. ತಪ್ಪು ತಿಳ್ಕೋಬೇಡಿ, ಅವರ ಅಳಿಯ ಕಣ್ಣಿಗೆ ಕಟ್ಟಿದ ಹಾಗಿದ್ದಾನೆ. ನಿಮ್ಮ ಅಳಿಯ ನೋಡಿದ್ರೆ ಮಹಾ ಬುದ್ಧಿವಂತ, ತಪ್ಪೆಲ್ಲ ಹುಳದ್ದು. ಇಂಥ ಮನುಷ್ಯ ಭೂಮಿ ಮೇಲೆ ಇರೋಕೆ ಸಾಧ್ಯನಾ ಸಾರ್? ಇನ್ನೊಂದ್ ಸಲ ಬರೆಯೋ ಮುಂಚೆ ಭಾನುಪ್ರಕಾಶ್ ಅವರಿಗೆ ತೋರಿಸಿ, ಅವ್ರಿಗೆ ಆ ಪಾತ್ರ ಚೆನ್ನಾಗ್ ಗೊತ್ತು."

ಫೋನು ಕೆಳಗಿಟ್ಟೆ. ಅಡುಗೆಮನೆಯಿಂದ ರೂಪಳ ದನಿ ಕೇಳಿಸಿತು: "ಲೈನಲ್ಲೇ ಇರೇ ಚೈತ್ರ. ಈಗ್ ತಾನೇ ಫೋನ್ ಇಟ್ರು. ಮುಖ ಹೆಂಗಾಗಿದೆ ಅಂತ ನೋಡ್ಕೊಂಡ್ ಬಂದು ಹೇಳ್ತೀನಿ."