ಹರಕೆಯ ಉಂಗುರಕ್ಕೆ ಬೆಲೆ ಕಟ್ಟಿಸಿದ್ದು

ಪ್ರೊಕೋಪಿಸ್‌ಗೆ ಆವತ್ತು ಬಂದ ಪೀಕಲಾಟಕ್ಕೆಲ್ಲ ಮೂಲ ಅವನ ಮೂತ್ರಪಿಂಡದಲ್ಲಿದ್ದ ಒಂದು ಕಲ್ಲು. ಕಡಲೆಕಾಳಿನಷ್ಟೂ ಇರಲಿಲ್ಲ. ಆದರೂ ಮೇ ತಿಂಗಳಲ್ಲಿ ಮೂರು ದಿನ ಅವನನ್ನು ನೆಲದ ಮೇಲೆ ಹೊರಳಾಡಿಸಿಬಿಟ್ಟಿತು. ಯಾನಿನಾದ ಸರೋವರದ ದಡದಲ್ಲಿ ಕೂತು ದೋಣಿಗೆ ಟಿಕೆಟ್ ಹರಿಯುವ ಸಾಧು ಪ್ರಾಣಿ ಅವನು. ನೋವು ತಡೆಯಲಾರದೆ, "ದೇವಮಾತೆ, ಈ ಕಲ್ಲೊಂದು ಬಿದ್ದುಹೋಗಲಿ ತಾಯೀ, ನಮ್ಮಜ್ಜಿ ಕಲ್ಲಿನುಂಗುರ ತಂದು ನಿನ್ನ ಪಟಕ್ಕೆ ಕಟ್ತೀನಿ" ಅಂತ ಹರಕೆ ಹೊತ್ತ. ಮರುದಿನ ಕಲ್ಲು ಬಿತ್ತು. ಹರಕೆ ಉಳಿಯಿತು.

ಈಗ ಆಗಸ್ಟ್ ಹದಿನಾಲ್ಕು. ನಾಳೆ ದೇವಮಾತೆಯ ಹಬ್ಬ. ಇವತ್ತು ಸಂಜೆಯ ಪ್ರಾರ್ಥನೆಗೆ ಗಂಟೆ ಹೊಡೆಯುವುದರೊಳಗೆ ಉಂಗುರ ಪಟದ ಮೇಲಿರಬೇಕು. ಎದ್ದಾಗಿನಿಂದ ಸೊಂಟದ ಬಲಗಡೆ ಸಣ್ಣಗೆ ಚಳಕ್ ಅನ್ನುತ್ತಿತ್ತು. ದೇವಮಾತೆಯೇ ಜ್ಞಾಪಿಸುತ್ತಿದ್ದಾಳೆ ಅಂತ ಅವನಿಗೆ ಖಾತ್ರಿಯಾಗಿತ್ತು.

ತಗಡಿನ ಡಬ್ಬಿಯಿಂದ ಉಂಗುರ ತೆಗೆದದ್ದೇ ತಡ, ಹೆಂಡತಿ ಅಗ್ಲಾಯಾ ಉಪವಾಸದ ಅಡುಗೆಗೆ ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಿದಳು.

"ರೀ, ಅದು ಬೆಲೆಬಾಳೋ ಉಂಗುರ ಆದ್ರೆ ಯಾಕ್ರೀ ಕೊಟ್ಟು ಕೈ ತೊಳ್ಕೋತೀರಾ? ಎರಡು ಮೇಣದ ಬತ್ತಿ ಹಚ್ಚಿ ಬನ್ನಿ ಸಾಕು."

"ಬೆಲೆಬಾಳದೇ ಇದ್ರೆ?"

"ಬೆಲೆಬಾಳದ್ದನ್ನ ಊರೆಲ್ಲ ನೋಡೋ ಹಾಗೆ ಅಮ್ಮನ ಪಟಕ್ಕೆ ನೇತುಹಾಕ್ತೀರಾ? ಮಾನ ಮರ್ಯಾದೆ ಬೇಡ್ವಾ?"

ಅವಳ ನ್ಯಾಯದಲ್ಲಿ ಉಂಗುರ ಹೇಗೆ ಬಿದ್ದರೂ ಮನೆಯಲ್ಲೇ ಬೀಳುತ್ತಿತ್ತು. ಪ್ರೊಕೋಪಿಸ್ ಸೊಂಟ ಹಿಡಿದುಕೊಂಡ.

"ಮೊದ್ಲು ಬೆಳ್ಳಿ ಕೆಲಸದ ಜಿಸಿಸ್ ಮೇಸ್ತ್ರಿ ಹತ್ರ ಬೆಲೆ ಕಟ್ಟಿಸಿ. ಆಮೇಲೆ ಮಾತು," ಅಂದಳು ಅಗ್ಲಾಯಾ.

ಅಷ್ಟರಲ್ಲಿ ಪಕ್ಕದ ಮನೆಯ ಉರಾನಿಯಕ್ಕನ ತಲೆ ಕಿಟಕಿಯಲ್ಲಿ ಕಾಣಿಸಿಕೊಂಡಿತು. ಈ ಕಿಟಕಿಯಲ್ಲಿ ಪರದೆಗಿಂತ ಹೆಚ್ಚು ಹೊತ್ತು ಇರುತ್ತಿದ್ದದ್ದು ಆ ತಲೆಯೇ. "ಇಷ್ಟು ಕರಿ ಹಿಡಿದಿರೋದನ್ನ ತೋರಿಸಿದ್ರೆ ಮೇಸ್ತ್ರಿ ಮೂಸಿ ನೋಡಲ್ಲ. ಇಲ್ಲಿ ಕೊಡಪ್ಪ," ಅಂತ ಕೇಳದೆಯೇ ಕಿತ್ತುಕೊಂಡು, ಬೂದಿ, ನಿಂಬೆಹಣ್ಣು ಹಾಕಿ ಮೇಲೆಲ್ಲ ತಿಕ್ಕಿದಳು. ಬೆಳ್ಳಿ ಬೆಳಗಿತು. ಕಲ್ಲು ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಕಣ್ಣು ಬಿಟ್ಟಿತು.

"ಮಾಣಿಕ್ಯ ಕಣೇ ಅಗ್ಲಾಯಾ. ಅಲಿ ಪಾಷಾನ ಅಂತಃಪುರದ್ದೇ."

ಯಾನಿನಾದಲ್ಲಿ ಹಳೇ ಸೌಟು ಸಿಕ್ಕಿದರೂ ಅದು ಹಿಂದೆ ಊರನ್ನಾಳಿದ ಅಲಿ ಪಾಷಾನ ಅಡುಗೆಮನೆಯದೇ. ಅದು ಗೊತ್ತಿದ್ದೂ ಅಗ್ಲಾಯಾ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಗಂಡನ ಹಿಂದೆಯೇ ಹೊರಟಳು. ಉರಾನಿಯಕ್ಕನೂ ಹೊರಟಳು. ಅವಳನ್ನು ಯಾರೂ ಕರೆದಿರಲಿಲ್ಲ.

ಬೀದಿಯ ತಿರುವಿನಲ್ಲಿ ಕ್ಷೌರದ ಲಾಂಬ್ರೋಸ್ ಬಾಗಿಲಲ್ಲೇ ನಿಂತಿದ್ದ. ವಿಷಯ ತಿಳಿದು ನಕ್ಕ. "ಮಾಣಿಕ್ಯ ಆದ್ರೆ ಗಾಜು ಕುಯ್ಯುತ್ತೆ. ಕೊಡಿಲ್ಲಿ." ಬೇಡ ಬೇಡ ಅನ್ನುವುದರೊಳಗೆ ಗೋಡೆಯ ಕನ್ನಡಿಯ ಮೇಲೆ ಕಲ್ಲನ್ನು ಎಳೆದ. ಕನ್ನಡಿಗೆ ಆ ಮೂಲೆಯಿಂದ ಈ ಮೂಲೆಗೆ ಗೀರು ಬಿತ್ತು. ಕುರ್ಚಿಯಲ್ಲಿ ನೊರೆ ಹಚ್ಚಿಕೊಂಡು ಕೂತಿದ್ದ ಗಿರಾಕಿಯ ಮುಖ ಎರಡು ಹೋಳಾಗಿ ಕಂಡಿತು.

"ಅಸಲಿ," ಅಂದ ಲಾಂಬ್ರೋಸ್. ಆಮೇಲೆ ಕನ್ನಡಿ ನೋಡಿ, "ಪ್ರೊಕೋಪಿಸ್, ಈ ಕನ್ನಡಿ ನೀನೇ ಹಾಕಿಸಿಕೊಡಬೇಕು," ಅಂದ.

"ಗೀರಿದ್ದು ನೀನಲ್ವೇನೋ?"

"ಕಲ್ಲು ನಿಂದಲ್ವಾ?"

ವಾದ ಮಾಡುತ್ತಾ ಕೂತರೆ ಗಂಟೆ ಹೊಡೆಯುತ್ತದೆ. ಪ್ರೊಕೋಪಿಸ್ ಆಯ್ತು ಮಾರಾಯ ಅಂದು ಉಂಗುರ ಬಿಡಿಸಿಕೊಂಡ.

ಜಿಸಿಸ್ ಮೇಸ್ತ್ರಿ ಬೆಳ್ಳಿ ಕೆಲಸದವರ ಓಣಿಯಲ್ಲೇ ಹಿರಿಯ. ಎಪ್ಪತ್ತು ದಾಟಿತ್ತು. ಪಾದ್ರಿ ಸೆರಾಫಿಮ್ ಚರ್ಚಿನ ದೀಪದ ಸರಪಳಿ ರಿಪೇರಿ ಮಾಡಿಸಲು ಬಂದು ಅಲ್ಲೇ ಕೂತಿದ್ದರು. ಮೇಸ್ತ್ರಿ ಉಂಗುರವನ್ನು ಮೊದಲು ಅಂಗೈಯಲ್ಲಿ ತೂಗಿ ನೋಡಿದ. ಒರೆಗಲ್ಲಿಗೆ ಉಜ್ಜಿ ಅದರ ಮೇಲೆ ಒಂದು ಹನಿ ಆಸಿಡ್ ಬಿಟ್ಟ. ಆಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಷ್ಟು ಹೊತ್ತು ಕೂತನೆಂದರೆ ಉರಾನಿಯಕ್ಕ ಕೂಡ ಬಾಯಿ ಮುಚ್ಚಿದಳು.

"ಮಾಣಿಕ್ಯ ಅಲ್ಲ," ಅಂದ. "ಗಾರ್ನೆಟ್, ಅಗ್ಗದ ಕೆಂಪು ಕಲ್ಲು. ಅಲಿ ಪಾಷಾನಿಗೂ ಇದಕ್ಕೂ ಸಂಬಂಧ ಇಲ್ಲ."

ಪ್ರೊಕೋಪಿಸ್‌ಗೆ ಜೀವ ಬಂದ ಹಾಗಾಯಿತು. ಬೆಲೆ ಕಡಿಮೆಯಾದರೆ ಹೆಂಡತಿಯನ್ನು ಹೇಗಾದರೂ ಒಪ್ಪಿಸಬಹುದು.

"ಆದ್ರೆ ಕೆಲಸ ನೋಡಿ. ಕಲ್ಲಿನ ಸುತ್ತ ಈ ತಂತಿ ಎಡಕ್ಕೆ ಹೊಸೆದಿದೆ. ಈ ಓಣೀಲಿ ಎಡಗೈಲಿ ಕೆಲಸ ಮಾಡ್ತಿದ್ದವನು ಒಬ್ಬನೇ, ನಮ್ಮಪ್ಪ. ಅವನ ಉಂಗುರಕ್ಕೆ ಅಥೆನ್ಸ್‌ನೋರು ಕಣ್ಣು ಮುಚ್ಚಿ ನಲವತ್ತು ಸಾವಿರ ದ್ರಾಕ್ಮಾ ಕೊಡ್ತಾರೆ."

ನಲವತ್ತು ಸಾವಿರ ಅಂದರೆ ಪ್ರೊಕೋಪಿಸ್‌ನ ಒಂದು ತಿಂಗಳ ಸಂಬಳ.

"ಬಟ್ಟೆ ಒಗೆಯೋ ಮಷೀನು," ಅಂದಳು ಅಗ್ಲಾಯಾ ಮೆಲ್ಲಗೆ, ಮಷೀನು ಎದುರಿಗೇ ಬಂದು ನಿಂತ ಹಾಗೆ.

"ಹರಕೆ ಕಣೇ," ಅಂದ ಪ್ರೊಕೋಪಿಸ್. ಸೊಂಟದಲ್ಲಿ ಜೋರಾಗಿಯೇ ಚುಚ್ಚಿತು.

"ಒಳಗಡೆ ಕೊಳೆ ಹಾಗೇ ಇದೆಯಲ್ಲ," ಅನ್ನುತ್ತಾ ಮೇಸ್ತ್ರಿ ಉಂಗುರದ ಒಳಮೈಯನ್ನು ಚರ್ಮದ ತುಂಡಿನಿಂದ ಒರೆಸತೊಡಗಿದ. ಒರೆಸುತ್ತಿದ್ದ ಕೈ ನಿಂತಿತು. ಭೂತಗನ್ನಡಿ ತೆಗೆದು ಕಣ್ಣುಜ್ಜಿಕೊಂಡು ಎರಡನ್ನೂ ಪಾದ್ರಿಯ ಕೈಗೆ ಕೊಟ್ಟ. "ಓದಿ ಸ್ವಾಮಿ. ನನ್ನ ಕಣ್ಣು ಸರಿಯಿಲ್ಲ ಅನ್ಸತ್ತೆ."

ಪಾದ್ರಿ ಒಳಮೈಯಲ್ಲಿ ಕೊರೆದಿದ್ದ ಅಕ್ಷರ ಓದಿದರು. "ದೇವಮಾತೆಗೆ. ನನ್ನ ಜಿಸಿಸ್ ಬದುಕಿದ್ದಕ್ಕೆ."

ಮುದುಕನ ಕಣ್ಣಲ್ಲಿ ನೀರಾಡಿತು.

"ನಂಗೆ ಆಗ ಮೂರು ವರ್ಷ. ಜ್ವರ. ಅಪ್ಪನ ಕೈಲಿ ಮಾಡಿಸಿ ಅಮ್ಮ ಪಟಕ್ಕೆ ಕಟ್ಟಿದ್ಲು. ಯುದ್ಧದಲ್ಲಿ ಜರ್ಮನ್ನರು ದೋಚ್ತಾರೆ ಅಂತ ಪಟದ ಒಡವೆಗಳನ್ನ ನಂಬಿಕಸ್ಥರ ಮನೇಲಿ ಬಚ್ಚಿಟ್ರು. ಎಲ್ಲಾ ವಾಪಸ್ ಬಂತು, ಇದೊಂದು ಬಿಟ್ಟು. ಅಮ್ಮ ಸಾಯೋತನಕ ಇದನ್ನೇ ಕೇಳ್ತಿದ್ಲು."

ನಂಬಿಕಸ್ಥರ ಮೊಮ್ಮಗ ಪ್ರೊಕೋಪಿಸ್ ತಲೆ ತಗ್ಗಿಸಿ ನಿಂತ. ನಾಚಿಕೆ ಆಯಿತು, ನಿಜ. ಆದರೆ ಅದರ ಬೆನ್ನಿಗೇ ನಿರಾಳವೂ ಆಯಿತು. ಇನ್ನು ಅಗ್ಲಾಯಾ ಅಡ್ಡ ಬರುವ ಹಾಗಿಲ್ಲ. ಅವಳಾಗಲೇ ಶಿಲುಬೆಯ ಗುರುತು ಹಾಕಿಕೊಂಡು, "ಕೊಟ್ಟುಬಿಡ್ರೀ, ಕೊಟ್ಟುಬಿಡಿ," ಅನ್ನುತ್ತಿದ್ದಳು.

ಗಂಟೆ ಹೊಡೆಯುವ ಹೊತ್ತಿಗೆ ಎಲ್ಲರೂ ಚರ್ಚಿನಲ್ಲಿದ್ದರು. ಜಿಸಿಸ್ ಮೇಸ್ತ್ರಿ ಉಂಗುರವನ್ನು ನೀಲಿ ದಾರಕ್ಕೆ ಪೋಣಿಸಿ ಪಟಕ್ಕೆ ಕಟ್ಟಿದ. ಪ್ರೊಕೋಪಿಸ್ ಪಟಕ್ಕೆ ಮುತ್ತಿಟ್ಟು, ಉದ್ದವಾಗಿ ಉಸಿರು ಬಿಟ್ಟು, "ಸದ್ಯ, ನನ್ನ ಹರಕೆ ತೀರಿತು," ಅಂದ.

"ತೀರಿದ್ದು ಹೇಗಪ್ಪಾ?" ಅಂದಳು ಉರಾನಿಯಕ್ಕ. "ಅವಳದ್ದನ್ನ ಅವಳಿಗೇ ವಾಪಸ್ ಕೊಟ್ಟೆ. ನಿಂದು ಅಂತ ಏನು ಕೊಟ್ಟೆ?"

ಪ್ರೊಕೋಪಿಸ್ ದಿಕ್ಕು ತೋಚದೆ ಪಾದ್ರಿಯ ಮುಖ ನೋಡಿದ. ಪಾದ್ರಿ ಗಡ್ಡ ನೀವಿಕೊಂಡರು.

"ಆಕೆ ಹೇಳೋದ್ರಲ್ಲಿ ತಪ್ಪಿಲ್ಲ ಮಗನೇ. ಬೆಲೆ ಕಟ್ಟಿಸದೆ ತಂದಿದ್ರೆ ಬೇರೆ ಮಾತು, ಒಂದು ತಾಮ್ರದ ಉಂಗುರ ತಂದಿಡು ಅಂತಿದ್ದೆ. ಈಗ ನೀನು ಅಮ್ಮನಿಗೆ ಮಾತು ಕೊಟ್ಟಿದ್ದು ಎಷ್ಟರದ್ದು ಅಂತ ನನ್ನೆದುರಿಗೇ ಗೊತ್ತಾಗಿಹೋಯ್ತಲ್ಲ."

"ನಾನು ಮಾಡಿಕೊಡ್ತೀನಿ," ಅಂದ ಮೇಸ್ತ್ರಿ ಅಕ್ಕರೆಯಿಂದ, ಅವನ ಹೆಗಲು ತಟ್ಟುತ್ತಾ. "ಕಲ್ಲು, ಬೆಳ್ಳಿ, ಕೂಲಿ ಸೇರಿ ಅಷ್ಟೇ ಆಗತ್ತೆ. ಒಂದು ಕಾಸೂ ಹೆಚ್ಚಿಗೆ ಕೇಳಲ್ಲ."

ಪ್ರೊಕೋಪಿಸ್ ಎರಡೂ ಕೈಯಲ್ಲಿ ಸೊಂಟ ಹಿಡಿದು ಅಲ್ಲೇ ಬೆಂಚಿನ ಮೇಲೆ ಕುಕ್ಕರಿಸಿದ. ಅಗ್ಲಾಯಾ ಗಾಬರಿಯಿಂದ ಪಕ್ಕದಲ್ಲಿ ಕೂತಳು.

"ರೀ, ತುಂಬಾ ನೋಯ್ತಿದೆಯಾ?"

"ಹೂಂ," ಅಂದ ಪ್ರೊಕೋಪಿಸ್. "ಸುಮಾರು ನಲವತ್ತು ಸಾವಿರದಷ್ಟು."