ಬೇಕೆಂದಾಗ ಸಿಗದ ನ್ಯೂಟ್ರಲ್ ಸಾಹೇಬರಿಗೆ

ನಮ್ಮ ಮನೆಯ ಬೈಕಿನಲ್ಲಿ ಒಂದನೇ ಗೇರಿಗೂ ಎರಡನೇ ಗೇರಿಗೂ ನಡುವೆ ವಾಸವಾಗಿದ್ದು, ಹಸಿರು ದೀಪ ಹೊತ್ತಿಸಿ ಮಾತ್ರ ದರ್ಶನ ಕೊಡುವ ಶ್ರೀಮಾನ್ ನ್ಯೂಟ್ರಲ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಮುದುಕಿಯ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಎಲ್ಲಿ ಕ್ಷೇಮವಾಗಿದ್ದೀರಿ ಎಂಬುದು ಗೊತ್ತಾಗದೆಯೇ ಈ ಪತ್ರ ಬರೆಯಬೇಕಾಯಿತು.

ನನ್ನ ಮೊಮ್ಮಗಳಿಗೆ ಮನೆಮನೆಗೆ ಹೋಗಿ ರೋಗಿಗಳ ರಕ್ತ ತೆಗೆದು ಲ್ಯಾಬಿಗೆ ತಲುಪಿಸುವ ಕೆಲಸ ಸಿಕ್ಕಿದೆ, ಆದರೆ ಲೈಸೆನ್ಸ್ ತೋರಿಸಿದ ಮೇಲೆಯೇ ಹಾಜರಿ. ಪರೀಕ್ಷೆಯ ಮೈದಾನದಲ್ಲಿ ಹುಡುಗಿ ಎಂಟರ ಆಕಾರದಲ್ಲಿ ಗಾಡಿಯನ್ನು ಹೂವು ಎತ್ತಿದ ಹಾಗೆ ತಿರುಗಿಸಿದಳಂತೆ. ಕೊನೆಗೆ ಇಂಜಿನ್ ಆರದಂತೆ ನಿಲ್ಲಿಸಿ, ತಮ್ಮನ್ನು ಹುಡುಕಿ, ಎರಡೂ ಕೈ ಬಿಟ್ಟು ತೋರಿಸಬೇಕು. ಅವಳು ಕಾಲಲ್ಲಿ ಎತ್ತಿದರೆ ಎರಡನೆಯವರು ಬಂದರು, ತುಳಿದರೆ ಒಂದನೆಯವರು ಬಂದರು, ತಾವು ಮಾತ್ರ ಪಾತ್ರೆ ತೊಳೆಯುವ ಹೊತ್ತಿನ ನೆಂಟರಂತೆ ಮಾಯ. ಗಾಡಿ ಮುಂದಕ್ಕೆ ಎಗರಿ ಆರಿಹೋಯಿತು, ಪರೀಕ್ಷೆಯ ಸಾಹೇಬರು ತಲೆ ಅಲ್ಲಾಡಿಸಿದರು. ಹೀಗೆ ಎರಡು ಸಲ. ಸೋಮವಾರ ಮೂರನೆಯದು, ಅದೂ ತಪ್ಪಿದರೆ ಲ್ಯಾಬಿನವರು ಬೇರೆಯವರನ್ನು ಕರೆಯುತ್ತಾರೆ.

ಹಾಗೆಂದು ತಮ್ಮ ದೊಡ್ಡ ಗುಣವನ್ನು ಮರೆಯಲಾರೆ. ಇಂಜಿನ್ ಆರಿದ ಮೇಲೆ, ಯಾರಿಗೂ ಬೇಡವಾದಾಗ, ಟಕ್ಕೆಂದು ಬಂದು ಕೂರುತ್ತೀರಲ್ಲ, ಅಂಥ ಸಮಯಪ್ರಜ್ಞೆಯನ್ನು ನಾನು ನನ್ನ ಅಳಿಯನಲ್ಲಿ ಬಿಟ್ಟರೆ ಮತ್ತೆಲ್ಲೂ ಕಂಡಿಲ್ಲ.

ನಿನ್ನೆ ಗಾಡಿಯನ್ನು ಬೀದಿ ಮೂಲೆಯ ಮೆಕ್ಯಾನಿಕ್ ಬಳಿಗೆ ತಳ್ಳಿಸಿಕೊಂಡು ಹೋದೆ. ಅವನು ಕ್ಲಚ್ ವೈರಿನ ಸಡಿಲ ನೋಡಿದ, ಸರಿಯಿತ್ತು. ಗೇರ್ ಲಿವರ್ ಬಗ್ಗಿದೆಯೇ ನೋಡಿದ, ಬಗ್ಗಿರಲಿಲ್ಲ. ಆಮೇಲೆ ಇಂಜಿನ್ನಿನ ಕೆಳಗಿನ ಬೋಲ್ಟು ಬಿಚ್ಚಿ ಬೋಗುಣಿ ಇಟ್ಟ. ಆಯಿಲು ಜೇನಿನ ಹಾಗೆ ಯೋಚಿಸಿ ಯೋಚಿಸಿ ಇಳಿಯಿತು. ಇದನ್ನು ಯಾರು ತಂದದ್ದು ಎಂದು ಅವನು ಕೇಳಿದಾಗ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕು ಹುಡುಕುತ್ತಿದ್ದೆ.

ತಂದವಳು ನಾನೇ. ಮೊಮ್ಮಗಳಿಗೆ ಕೆಲಸ ಸಿಕ್ಕಿದ ಖುಷಿಗೆ ಗಾಡಿಗೂ ಒಳ್ಳೆಯದನ್ನೇ ಕುಡಿಸೋಣವೆಂದು, ಅಂಗಡಿಯ ಡಬ್ಬಿಗಳನ್ನೆಲ್ಲ ಕಿವಿಯ ಹತ್ತಿರ ಅಲ್ಲಾಡಿಸಿ, ಯಾವುದು ಕಮಕ್ ಕಿಮಕ್ ಎನ್ನಲಿಲ್ಲವೋ ಅದೇ ಗಟ್ಟಿ, ಅದೇ ಉತ್ತಮ ಎಂದು ಆರಿಸಿದ್ದೆ. ಅದು ಲಾರಿಗೆ ಹಾಕುವುದಂತೆ. ನಮ್ಮ ಬೈಕಿನ ಕ್ಲಚ್ ಬಿಲ್ಲೆಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವಂತೆ. ಆಯಿಲ್ ಅತಿ ಗಟ್ಟಿಯಾದರೆ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು, ಕ್ಲಚ್ ಒತ್ತಿದರೂ ಬಿಡಿಸಿಕೊಳ್ಳದೆ, ಗೇರು ಸಿಕ್ಕಿಕೊಳ್ಳುತ್ತದಂತೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿರುವ ಆಯಿಲ್ ನಂಬರನ್ನೇ ಡಬ್ಬಿಯ ಮೇಲೂ ನೋಡಿ, ಬೈಕಿಗೆಂದೇ ಬರೆದದ್ದನ್ನು ತರಬೇಕಂತೆ. ಆ ಪುಸ್ತಕ ನನ್ನ ಮಂಚದ ಕುಂಟುಗಾಲಿನ ಅಡಿಯಲ್ಲಿ ಎರಡು ವರ್ಷದಿಂದ ಸೇವೆ ಸಲ್ಲಿಸುತ್ತಿದೆ.

ಈಗ ಸರಿಯಾದ ಆಯಿಲ್ ಬಿದ್ದಿದೆ. ಆದರೆ ಹುಡುಗಿ ಇನ್ನೂ ತನ್ನ ಎಡಗಾಲನ್ನೇ ಬೈದುಕೊಳ್ಳುತ್ತಾ, ಸೋಮವಾರ ಹೋಗುವುದೇ ಇಲ್ಲವೆಂದು ಕೂತಿದ್ದಾಳೆ. ಆದ್ದರಿಂದ ತಾವು ದಯವಿಟ್ಟು ಗೇರುಪೆಟ್ಟಿಗೆಯಿಂದ ಎದ್ದು ಬಂದು, ತಪ್ಪೆಲ್ಲ ತಮ್ಮದೇ ಎಂದು ಅವಳೆದುರು ಒಪ್ಪಿಕೊಳ್ಳಬೇಕಾಗಿ ವಿನಂತಿ. ನನ್ನ ಸುದ್ದಿ ಎತ್ತಬೇಡಿ. ಹೋದ ಮರ್ಯಾದೆಯನ್ನು ಮತ್ತೆ ಸಂಪಾದಿಸುವಷ್ಟು ಆಯಸ್ಸು ಉಳಿದಿಲ್ಲ.

ತಾವು ಬರುವವರಲ್ಲ, ಗೊತ್ತು. ಬಾಯಿರುವವಳು ನಾನೊಬ್ಬಳೇ. ಅದಕ್ಕೇ ಇದನ್ನು ಅವಳ ಕಣ್ಣಿಗೆ ಬೀಳುವ ಹಾಗೆ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸುತ್ತಿದ್ದೇನೆ.

ಇಂತಿ,
ಹುಡುಕಿ ಹುಡುಕಿ ಸುಸ್ತಾದರೂ ತಮ್ಮ ವಿಶ್ವಾಸಿಯೇ ಆದ,
ಗಾಡಿ ಓಡಿಸುವವಳ ಅಜ್ಜಿ

ತಾ.ಕ.: ಓದಿದಳು. ಟ್ಯಾಂಕಿನಿಂದ ಕಾಗದ ಬಿಡಿಸಿ ನನ್ನ ಕೈಗೇ ಕೊಟ್ಟಳು. ಆಮೇಲೆ, "ಸೋಮವಾರ ನೀನೂ ಬಾ ಅಜ್ಜಿ, ಇದನ್ನ ಪರೀಕ್ಷೆಯ ಸಾಹೇಬರ ಮುಂದೆ ನೀನೇ ಓದು," ಅಂದಳು. ಓದುತ್ತೇನೆ. ಅವಳು ಕೈ ಬಿಟ್ಟ ಗಳಿಗೆಯಲ್ಲಿ ತಾವು ಹಾಜರಿಲ್ಲದಿದ್ದರೆ, ಮುಂದಿನ ಸಲ ಆಯಿಲ್ ತರಲು ಅಂಗಡಿಗೆ ಹೋಗುವವಳು ಮತ್ತೆ ನಾನೇ ಎಂಬುದು ತಮ್ಮ ಗಮನದಲ್ಲಿರಲಿ.