ಸಾಲಾಗಿ ನಿಂತ ಕಲ್ಲುಗಳು

ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಕೊರಟಗೆರೆ ತಾಲ್ಲೂಕಿನಲ್ಲೇ ಇಲ್ಲ ಎಂದು ನಾನು ನಂಬಿದ್ದ ಕಾಲವದು. ಐವತ್ತರ ದಶಕದ ಕೊನೆ. ಹೊಳವನಹಳ್ಳಿಯ ಆಚೆಗಿನ ಒಂದು ಊರಿನಲ್ಲಿ ನಾನು ಮೇಷ್ಟ್ರು. ಊರಿನ ಸ್ಮಶಾನ ಸರ್ಕಾರಿ ಕಾಡಿನೊಳಗಿತ್ತು. ಇಂಥ ಸಣ್ಣ ಸ್ಮಶಾನಗಳನ್ನು ಆಯಾ ಊರಿಗೇ ಬಿಟ್ಟುಕೊಡುತ್ತಾರಂತೆ, ಅರ್ಜಿ ಹಾಕಬೇಕಂತೆ ಎಂದು ಸುದ್ದಿ ಬಂತು.

ಮೊದಲು ನಮ್ಮ ಜಗಲಿ ಹತ್ತಿದವಳು ಮುದುಕಿ ಕಾಳಮ್ಮ.

"ನಮ್ಮ ಯಜಮಾನ್ರು ಅಲ್ಲೇ ಮಲಗವ್ರೆ ಸ್ವಾಮಿ. ಅವ್ರ ಪಕ್ಕ ನಂಗೂ ಒಂದು ಜಾಗ ಐತೆ. ಅದು ತಪ್ಪದಂಗೆ ಬರ್ಕೊಡಿ."

"ತಪ್ಪೋ ಮಾತೇ ಇಲ್ಲ ಕಾಳಮ್ಮ! ಅರ್ಜಿ ಬರೆಯೋನು ಯಾರು?" ಎಂದೆ.

ಮೂರು ಹಾಳೆ ಬರೆದೆ. ಅರಣ್ಯ ಇಲಾಖೆಯ ಸಾಹೇಬರು ಮುಂದಿನ ವಾರ ಸ್ಥಳ ನೋಡಲು ಬರುವರೆಂದು ಉತ್ತರವೂ ಬಂತು. ನಾನು ಅಲ್ಲಿಗೇ ಸುಮ್ಮನಿದ್ದಿದ್ದರೆ ಸಾಕಿತ್ತು!

ಸುಮ್ಮನಿರದೆ ಸ್ಮಶಾನ ನೋಡಲು ಹೋದೆ. ಮುಳ್ಳುಪೊದೆ, ಕತ್ತಾಳೆ, ಅಲ್ಲೊಂದು ಇಲ್ಲೊಂದು ಸೊಟ್ಟ ಕಲ್ಲು. ಒಂದರ ಮೇಲೂ ಹೆಸರಿಲ್ಲ. ನಮ್ಮ ಮನೆತನದಲ್ಲಿ ಸುಡುವ ಪದ್ಧತಿ. ಹೂಳುವವರ ಕಲ್ಲಿನ ಸಂಗತಿ ನನಗೇನು ಗೊತ್ತು? ಸಾಹೇಬರ ಮುಂದೆ ಊರಿನ ಮಾನ ಉಳಿಸಲು ಒಂದೇ ದಾರಿ ಕಂಡಿತು. ಶ್ರಮದಾನ!

"ರೀ, ಊರೋರನ್ನ ಒಂದು ಮಾತು ಕೇಳಿ," ಎಂದಳು ಹೆಂಡತಿ.

"ಎಲ್ಲ ಸಂತೆಗೆ ಹೋಗಿದ್ದಾರೆ. ವಾಪಸ್ ಬಂದು ನೋಡಿ ಬೆರಗಾಗಬೇಕು, ಹಾಗೆ ಮಾಡ್ತೀನಿ!"

ಏಳನೇ ತರಗತಿಯನ್ನು ಸಾಲು ಹಿಡಿಸಿ ಕರೆದೊಯ್ದೆ. "ಸಾ, ಆ ಕಲ್ಲು ಮುಟ್ಬಾರ್ದಂತೆ, ನಮ್ಮಜ್ಜಿ ಹೇಳ್ತದೆ," ಎಂದಳು ಒಬ್ಬ ಹುಡುಗಿ. "ಮೂಢನಂಬಿಕೆ!" ಎಂದು ಗದರಿದೆ. ಸಂಜೆಯೊಳಗೆ ಪೊದೆಯೆಲ್ಲ ಮಾಯ. ಕಲ್ಲುಗಳನ್ನೆಲ್ಲ ಕಿತ್ತು, ಎತ್ತರಕ್ಕೆ ತಕ್ಕಂತೆ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿ, ಸುಣ್ಣ ಬಳಿಸಿದೆ. ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಕಾಣುತ್ತಿದ್ದವು. ನನಗೆ ಕಣ್ಣು ತುಂಬಿ ಬಂತು.

ಸಂತೆಯಿಂದ ಬಂದವರು ಬೆರಗಾದರು. ಪಟೇಲ ರಂಗಪ್ಪ ತಲೆ ಮೇಲೆ ಕೈ ಹೊತ್ತುಕೊಂಡ.

"ಏನ್ ಮಾಡ್ಬುಟ್ರಿ ಮೇಷ್ಟ್ರೇ! ಇದ್ರಾಗೆ ನಮ್ಮಪ್ಪಂದು ಯಾವ್ದು?"

ಆಗ ತಿಳಿಯಿತು. ಆ ಜನಕ್ಕೆ ಕಲ್ಲಿನ ಮೇಲೆ ಹೆಸರು ಬೇಕಿಲ್ಲ. ಅದು ನಿಂತ ಜಾಗವೇ ಹೆಸರು. ಮೂರು ತಲೆಮಾರಿನ ಹೆಸರುಗಳನ್ನು ನಾನು ಒಂದೇ ಸಂಜೆಯಲ್ಲಿ ಅಳಿಸಿ ಸುಣ್ಣ ಬಳಿದಿದ್ದೆ.

ಸಾಹೇಬರು ಬಂದರು. ಸುತ್ತ ನೋಡಿದರು. "ಗೋರಿಗಳೆಲ್ಲಿ? ಇದು ಉಳುಮೆಗೆ ಹದ ಮಾಡಿದ ಹೊಲದ ಹಾಗಿದೆ. ಸ್ಮಶಾನದ ಹೆಸರಲ್ಲಿ ಕಾಡು ಒತ್ತುವರಿಯೋ?"

"ಐತೆ ಬುದ್ಧಿ, ನಾನ್ ತೋರುಸ್ತೀನಿ," ಎಂದು ಕಾಳಮ್ಮ ಕೋಲೂರಿಕೊಂಡು ಮುಂದೆ ಬಂದಳು. ಹತ್ತು ಹೆಜ್ಜೆ ಹೋಗಿ ನಿಂತಳು. ತಿರುಗಿ ಬಂದಳು. ಮತ್ತೆ ಹೋದಳು. "ತಲೆದಿಕ್ಕಿನಾಗೆ ಒಂದು ತಂಗಡಿ ಗಿಡ ಇತ್ತಲ್ಲ..." ಎಂದು ನನ್ನ ಮುಖ ನೋಡಿದಳು. ಆ ಗಿಡವನ್ನು ನನ್ನ ಕೈಯಾರೆ ಕಡಿದಿದ್ದೆ.

"ಸಮಾಧಿಗಳ ಗುರುತಿಲ್ಲ. ಸ್ಥಳ ಬಹಳ ಸ್ವಚ್ಛವಾಗಿದೆ" ಎಂದು ಸಾಹೇಬರು ವರದಿ ಬರೆದರು. ನನ್ನ ಸ್ವಚ್ಛತೆಗೆ ಸರ್ಕಾರದಿಂದ ಸಿಕ್ಕ ಏಕೈಕ ಪ್ರಶಸ್ತಿ ಪತ್ರ! ಆ ಜಾಗ ಕಾಡಿಗೇ ಉಳಿಯಿತು; ಇಲಾಖೆಯವರು ಅಲ್ಲಿ ಸಸಿ ನೆಟ್ಟರು. ಊರಿಗೆ ಕೆರೆಯ ಹಿಂದೆ ಬೇರೆ ತುಂಡು ನೆಲ ಕೊಟ್ಟರು.

ಅಲ್ಲಿ ಮೊದಲು ಮಲಗಿದವಳು ಕಾಳಮ್ಮ. ಅಕ್ಕಪಕ್ಕ ಯಾರೂ ಇಲ್ಲ. ಮಣ್ಣು ಮುಚ್ಚಿದ ಮೇಲೆ ಕಲ್ಲು ನೆಡಲು ನಾನೂ ಕೈ ಚಾಚಿದೆ.

"ನೀವು ಮುಟ್ಬ್ಯಾಡಿ ಮೇಷ್ಟ್ರೇ," ಎಂದ ರಂಗಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಕಲ್ಲು ಸ್ವಲ್ಪ ಸೊಟ್ಟಗೆ ನಿಂತಿತು. ನೆಟ್ಟಗೆ ಮಾಡೋಣ ಎಂದು ಕೈ ತುರಿಸಿತು. ಕೈ ಕಟ್ಟಿಕೊಂಡು ಸುಮ್ಮನಿದ್ದೆ. ಆ ಊರಿಗೆ ನಾನು ಮಾಡಿದ ಉಪಕಾರ ಅಂದರೆ ಅದೊಂದೇ!